ಅತಿಸಂಸ್ಕರಿತ ಆಹಾರ ಮತ್ತು ಪ್ರೌಢಶಾಲಾ ವಿದ್ಯಾರ್ಥಿಗಳ ದೇಹಪ್ರಕೃತಿ

ಪೀಠಿಕೆ

ಮಾನವನ ಜೀವಿತಾವಧಿಯಲ್ಲಿ ಶೈಶವವನ್ನು ಬಿಟ್ಟರೆ ದೇಹವು ಅತ್ಯಂತ ವೇಗವಾಗಿ ಬೆಳೆಯುವ ಕಾಲವೆಂದರೆ ಹದಿಹರೆಯ. ವಯಸ್ಕ ಮನುಷ್ಯನ ಎತ್ತರದಲ್ಲಿ ಸುಮಾರು ಐದನೆಯ ಒಂದು ಭಾಗವೂ, ತೂಕದಲ್ಲಿ ಸುಮಾರು ಅರ್ಧದಷ್ಟೂ ಈ ಕೆಲವೇ ವರ್ಷಗಳಲ್ಲಿ ಒದಗಿಬರುತ್ತವೆ. ಮೂಳೆಗಳು ಗಟ್ಟಿಯಾಗುವುದು, ಸ್ನಾಯುಗಳು ತುಂಬಿಕೊಳ್ಳುವುದು, ಹೆಣ್ಣುಮಕ್ಕಳಲ್ಲಿ ಋತುಚಕ್ರ ಆರಂಭವಾಗುವುದು, ಇವೆಲ್ಲವೂ ಎಂಟನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಅವಧಿಯಲ್ಲಿಯೇ ಹೆಚ್ಚಾಗಿ ನಡೆಯುತ್ತವೆ. ಈ ಕಾಲದಲ್ಲಿ ತಿಂದ ಆಹಾರವೇ ಮುಂದಿನ ಐವತ್ತು ಅರವತ್ತು ವರ್ಷಗಳ ದೇಹಕ್ಕೆ ಬುನಾದಿಯಾಗುತ್ತದೆ.

ಇದೇ ಕಾಲದಲ್ಲಿ ಮಕ್ಕಳ ಊಟ ಮನೆಯವರ ಕೈತಪ್ಪಿ ಹೋಗುವುದೂ ಉಂಟು. ಚಿಕ್ಕ ಮಗುವಿಗೆ ತಾಯಿ ಕಲಸಿ ಕೊಟ್ಟದ್ದೇ ಊಟ. ಪ್ರೌಢಶಾಲೆಯ ವಿದ್ಯಾರ್ಥಿಯ ಜೇಬಿನಲ್ಲಿ ಹಣವಿರುತ್ತದೆ. ಶಾಲೆಯ ದಾರಿಯಲ್ಲಿ ಅಂಗಡಿಯಿರುತ್ತದೆ. ಕೈಯಲ್ಲಿ ಮೊಬೈಲ್ ಫೋನ್ ಇರುತ್ತದೆ. ಬಣ್ಣದ ಪೊಟ್ಟಣಗಳಲ್ಲಿ ಬರುವ ಕುರುಕಲು ತಿಂಡಿ, ಸಿಹಿ ಪಾನೀಯ, ದಿಢೀರ್ ನೂಡಲ್ಸ್, ಕ್ರೀಂ ಬಿಸ್ಕತ್ತು ಮೊದಲಾದವು ಊಟದ ನಡುವಿನ ತಿಂಡಿಯಾಗಿ ಉಳಿಯದೆ ಊಟದ ಸ್ಥಾನವನ್ನೇ ಆಕ್ರಮಿಸಿಕೊಳ್ಳುತ್ತಿವೆ. ಇದರಿಂದ ಬೆಳೆಯುವ ಮಕ್ಕಳ ಮೈಕಟ್ಟಿನ ಮೇಲೆ ಆಗುವ ಪರಿಣಾಮವೇನು, ಅದನ್ನು ಗುರುತಿಸುವ ಬಗೆ ಹೇಗೆ, ತಡೆಯುವ ಮಾರ್ಗ ಯಾವುದು ಎಂಬುದನ್ನು ಈ ಪಾಠದಲ್ಲಿ ವಿವೇಚಿಸಲಾಗಿದೆ. ದೆಹಲಿಯ ನೆರೆಯ ಗುರುಗ್ರಾಮವನ್ನು ನಿದರ್ಶನವಾಗಿ ತೆಗೆದುಕೊಂಡಿದ್ದರೂ, ಇಲ್ಲಿ ಹೇಳಿರುವ ಮಾತು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಗೂ ಅನ್ವಯಿಸುತ್ತದೆ.

ಗುರುಗ್ರಾಮ: ಹೊಲದ ಬದುಕಿನಿಂದ ನಗರದ ಬದುಕಿಗೆ

ಹರಿಯಾಣ ರಾಜ್ಯದ ಗುರುಗ್ರಾಮವು 2016ರವರೆಗೆ ಗುಡಗಾಂವ್ ಎಂದು ಕರೆಯಲ್ಪಡುತ್ತಿತ್ತು. ಗೋಧಿ, ಸಜ್ಜೆ, ಸಾಸಿವೆ ಬೆಳೆಯುವ ಹಳ್ಳಿಗಳ ನಡುವಿನ ಸಾಧಾರಣ ಪಟ್ಟಣವಾಗಿದ್ದ ಇದು, 1983ರಲ್ಲಿ ಮಾರುತಿ ಕಾರು ಕಾರ್ಖಾನೆ ಉತ್ಪಾದನೆ ಆರಂಭಿಸಿದ ಮೇಲೆ ಬೆಳೆಯತೊಡಗಿ, 1990ರ ದಶಕದ ಆರ್ಥಿಕ ಉದಾರೀಕರಣದ ತರುವಾಯ ದೇಶದ ಪ್ರಮುಖ ವಾಣಿಜ್ಯ ಕೇಂದ್ರಗಳಲ್ಲಿ ಒಂದಾಯಿತು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 15,14,432. ಕರ್ನಾಟಕದಿಂದ ಹೋಗಿ ಅಲ್ಲಿ ಉದ್ಯೋಗದಲ್ಲಿರುವ ಕನ್ನಡ ಕುಟುಂಬಗಳೂ ಇವೆ.

ಈ ಭಾಗದ ಹಳೆಯ ಆಹಾರಪದ್ಧತಿ ಉತ್ತರ ಕರ್ನಾಟಕದ ಓದುಗರಿಗೆ ಅಪರಿಚಿತವೇನಲ್ಲ. ಸಜ್ಜೆಯ ರೊಟ್ಟಿ, ಸಜ್ಜೆಯ ಖಿಚಡಿ, ಸಾಸಿವೆ ಸೊಪ್ಪಿನ ಪಲ್ಯ, ಹೊಲದ ಸೊಪ್ಪುಗಳು, ಹುರಿಗಡಲೆ, ಬೆಲ್ಲ, ಹಾಲು, ಮಜ್ಜಿಗೆ, ಇವು ಹರಿಯಾಣದ ರೈತಕುಟುಂಬದ ನಿತ್ಯದ ಊಟ. ಕುಸ್ತಿಯ ಅಖಾಡಗಳಿಗೆ ಹೆಸರಾದ ಆ ನಾಡಿನ ಮೈಕಟ್ಟು ಇಂತಹ ಊಟ ಮತ್ತು ಹೊಲದ ದುಡಿಮೆಗಳೆರಡರಿಂದಲೂ ರೂಪುಗೊಂಡದ್ದು.

ನಗರವಾಸದಲ್ಲಿ ಇವೆರಡೂ ಬದಲಾಗಿವೆ. ತಂದೆತಾಯಿಗಳಿಬ್ಬರೂ ದುಡಿಯುವ ಮನೆಗಳಲ್ಲಿ ಅಡಿಗೆಗೆ ಸಮಯ ಕಡಿಮೆ. ತಿಂಡಿಯನ್ನು ಫೋನಿನ ಮೂಲಕ ಕೇಳಿದರೆ ಕೆಲವೇ ನಿಮಿಷಗಳಲ್ಲಿ ಬಾಗಿಲಿಗೆ ಬರುತ್ತದೆ. ಬಹುಮಹಡಿ ಕಟ್ಟಡಗಳಲ್ಲಿ ಮನೆಗೆಲಸ ಮಾಡುವವರ, ಕಟ್ಟಡ ಕಾರ್ಮಿಕರ ಮಕ್ಕಳಿಗೂ ಐದು, ಹತ್ತು ರೂಪಾಯಿಯ ಸಣ್ಣ ಪೊಟ್ಟಣಗಳು ಗೂಡಂಗಡಿಯಲ್ಲಿ ಎಟಕುತ್ತವೆ. ಆದುದರಿಂದ ಇದನ್ನು ಶ್ರೀಮಂತರ ಮಕ್ಕಳ ಸಮಸ್ಯೆಯೆಂದು ತಿಳಿಯುವುದು ತಪ್ಪು. ದೇಹಶ್ರಮದ ಮಾತೂ ಹೀಗೆಯೇ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಚಳಿಗಾಲದಲ್ಲಿ ಗಾಳಿ ಹೊಗೆಯಿಂದ ತುಂಬಿರುತ್ತದೆ. 2024ರ ನವೆಂಬರಿನಲ್ಲಿ ವಾಯುಮಾಲಿನ್ಯವು ತೀವ್ರವಾದಾಗ ರಾಜಧಾನಿ ಪ್ರದೇಶದ ಶಾಲೆಗಳು ಕೆಲವು ದಿನ ಆನ್‌ಲೈನ್ ತರಗತಿಗಳನ್ನು ನಡೆಸಬೇಕಾಯಿತು. ಹೊರಗೆ ಆಡಬೇಕಾದ ಮಗು ಹೀಗೆ ಪರದೆಯ ಮುಂದೆ, ಪೊಟ್ಟಣವೊಂದನ್ನು ಕೈಯಲ್ಲಿ ಹಿಡಿದು ಕುಳಿತುಕೊಳ್ಳುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳು ಈ ಬದಲಾವಣೆಯನ್ನು ವಯಸ್ಕರಲ್ಲಿ ಸ್ಪಷ್ಟವಾಗಿ ತೋರಿಸುತ್ತವೆ. ಹರಿಯಾಣದಲ್ಲಿ ಅಧಿಕ ತೂಕ ಅಥವಾ ಸ್ಥೂಲಕಾಯವುಳ್ಳ ಮಹಿಳೆಯರ ಪ್ರಮಾಣ 2015-16ರಲ್ಲಿ ಶೇಕಡಾ 21 ಇದ್ದದ್ದು 2019-21ರ ವೇಳೆಗೆ ಶೇಕಡಾ 33ಕ್ಕೆ ಏರಿತು. ಪುರುಷರಲ್ಲಿ ಶೇಕಡಾ 20ರಿಂದ 28ಕ್ಕೆ ಏರಿತು. ಅದೇ ಸಮೀಕ್ಷೆಯಲ್ಲಿ ಹರಿಯಾಣದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 60 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಒಂದೇ ರಾಜ್ಯದಲ್ಲಿ, ಹಲವು ವೇಳೆ ಒಂದೇ ಮನೆಯಲ್ಲಿ, ಬೊಜ್ಜೂ ಪೋಷಣೆಯ ಕೊರತೆಯೂ ಒಟ್ಟಿಗೆ ನೆಲೆಸಿವೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಅತಿಸಂಸ್ಕರಿತ ಆಹಾರವೆಂದರೇನು?

ಎಲ್ಲ ಸಂಸ್ಕರಣೆಯೂ ಕೆಟ್ಟದ್ದಲ್ಲ. ಭತ್ತವನ್ನು ಕುಟ್ಟುವುದು, ಹಾಲನ್ನು ಕಾಯಿಸಿ ಹೆಪ್ಪು ಹಾಕುವುದು, ದೋಸೆ ಹಿಟ್ಟನ್ನು ಹುದುಗಿಸುವುದು, ಮಾವಿನಕಾಯಿಗೆ ಉಪ್ಪು ಹಾಕಿಡುವುದು, ಇವೆಲ್ಲವೂ ಸಂಸ್ಕರಣೆಗಳೇ. ಬ್ರೆಜಿಲ್ ದೇಶದ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮಾಂಟೆರೊ ಮತ್ತು ಅವರ ಸಂಗಡಿಗರು 2009ರಿಂದ ರೂಪಿಸಿದ 'ನೋವಾ' ಎಂಬ ವರ್ಗೀಕರಣವು ಆಹಾರವಸ್ತುಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತದೆ.

ಮೊದಲನೆಯ ಗುಂಪು: ಸಂಸ್ಕರಿಸದ ಅಥವಾ ಅಲ್ಪವಾಗಿ ಸಂಸ್ಕರಿಸಿದ ಆಹಾರ. ಧಾನ್ಯ, ಬೇಳೆ, ಕಾಳು, ತರಕಾರಿ, ಹಣ್ಣು, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ.

ಎರಡನೆಯ ಗುಂಪು: ಅಡಿಗೆಗೆ ಬಳಸುವ ಪದಾರ್ಥ. ಎಣ್ಣೆ, ತುಪ್ಪ, ಬೆಣ್ಣೆ, ಸಕ್ಕರೆ, ಬೆಲ್ಲ, ಉಪ್ಪು.

ಮೂರನೆಯ ಗುಂಪು: ಮೇಲಿನ ಎರಡನ್ನೂ ಸೇರಿಸಿ ಸರಳ ವಿಧಾನದಿಂದ ತಯಾರಿಸಿದ ಸಂಸ್ಕರಿತ ಆಹಾರ. ಉಪ್ಪಿನಕಾಯಿ, ಗಿಣ್ಣು, ಉಪ್ಪು ಹಚ್ಚಿದ ಶೇಂಗಾ ಮೊದಲಾದವು.

ನಾಲ್ಕನೆಯ ಗುಂಪು: ಅತಿಸಂಸ್ಕರಿತ ಆಹಾರ. ಧಾನ್ಯ, ಎಣ್ಣೆಕಾಳು, ಹಾಲು ಮುಂತಾದವುಗಳನ್ನು ಕಾರ್ಖಾನೆಯಲ್ಲಿ ಒಡೆದು, ಅವುಗಳಿಂದ ಪಿಷ್ಟ, ಸಕ್ಕರೆಯ ಪಾಕ, ಸಂಸ್ಕರಿತ ಕೊಬ್ಬು, ಪ್ರೋಟೀನಿನ ಸಾರ ಇತ್ಯಾದಿಗಳನ್ನು ಬೇರ್ಪಡಿಸಿ, ಅವನ್ನು ಮತ್ತೆ ಕೂಡಿಸಿ, ಕೃತಕ ಬಣ್ಣ, ಪರಿಮಳ, ರುಚಿವರ್ಧಕ ಹಾಗೂ ಎಣ್ಣೆನೀರುಗಳನ್ನು ಬೆರೆತಿರುವಂತೆ ಮಾಡುವ ರಾಸಾಯನಿಕಗಳನ್ನು ಸೇರಿಸಿ ತಯಾರಿಸಿದ ವಸ್ತುಗಳು. ಇಂಗಾಲಾಮ್ಲ ಬೆರೆತ ಸಿಹಿ ಪಾನೀಯ, ಪೊಟ್ಟಣದ ಚಿಪ್ಸ್, ದಿಢೀರ್ ನೂಡಲ್ಸ್, ಕ್ರೀಂ ಬಿಸ್ಕತ್ತು, ಸಕ್ಕರೆ ಬೆರೆತ ಬೆಳಗಿನ ಧಾನ್ಯದ ಪದರುಗಳು, ಸಂಸ್ಕರಿತ ಮಾಂಸದ ತುಂಡುಗಳು ಈ ಗುಂಪಿಗೆ ಸೇರುತ್ತವೆ. ಮನೆಯ ಅಡಿಗೆಮನೆಯಲ್ಲಿ ಎಂದೂ ಇರದ ಪದಾರ್ಥಗಳು ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ ಕಂಡುಬಂದರೆ ಅದು ನಾಲ್ಕನೆಯ ಗುಂಪಿನದೆಂದು ಸ್ಥೂಲವಾಗಿ ತಿಳಿಯಬಹುದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಬೀದಿಬದಿಯ ಸಮೋಸಾ, ಜಿಲೇಬಿ, ಮೆಣಸಿನಕಾಯಿ ಬಜ್ಜಿ ಮೊದಲಾದವು ಈ ವರ್ಗೀಕರಣದ ಪ್ರಕಾರ ಅತಿಸಂಸ್ಕರಿತವಲ್ಲ. ಆದರೆ ಅವುಗಳಲ್ಲಿ ಕೊಬ್ಬು, ಸಕ್ಕರೆ ಅಥವಾ ಉಪ್ಪು ಹೇರಳವಾಗಿರುತ್ತದೆ. ಅಂತಹವನ್ನು ಅಧಿಕ ಕೊಬ್ಬು, ಸಕ್ಕರೆ, ಉಪ್ಪಿನ ಆಹಾರವೆಂದು ಪ್ರತ್ಯೇಕವಾಗಿ ಹೆಸರಿಸುತ್ತಾರೆ. ಪೊಟ್ಟಣವನ್ನು ಬಿಟ್ಟು ಪ್ರತಿದಿನ ಜಿಲೇಬಿ ತಿಂದರೆ ಆರೋಗ್ಯ ಸುಧಾರಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಭಾರತದಲ್ಲಿ ಅತಿಸಂಸ್ಕರಿತ ಆಹಾರದ ಚಿಲ್ಲರೆ ಮಾರಾಟದ ಮೌಲ್ಯವು 2011ರಿಂದ 2021ರವರೆಗೆ ವರ್ಷಕ್ಕೆ ಸರಾಸರಿ ಶೇಕಡಾ 13ಕ್ಕಿಂತ ಹೆಚ್ಚಿನ ದರದಲ್ಲಿ ಬೆಳೆದಿದೆ.

ದೇಹಪ್ರಕೃತಿ ಮತ್ತು ಅದರ ಅಳತೆ

ದೇಹದ ಆಕಾರವನ್ನು ಕುರಿತ ಚಿಂತನೆ ಭಾರತಕ್ಕೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ಅತಿಸ್ಥೂಲ ಮತ್ತು ಅತಿಕೃಶ ದೇಹಗಳೆರಡನ್ನೂ ಅನಾರೋಗ್ಯಕರವೆಂದು ಪರಿಗಣಿಸಿ ಅವುಗಳ ಕಾರಣ, ಚಿಕಿತ್ಸೆಗಳನ್ನು ವಿವರಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನೋವಿಜ್ಞಾನಿ 1940ರಲ್ಲಿ ಮೈಕಟ್ಟನ್ನು ದುಂಡನೆಯದು, ಸ್ನಾಯುಪ್ರಧಾನವಾದುದು, ತೆಳುವಾದುದು ಎಂದು ಮೂರು ಬಗೆಯಾಗಿ ವಿಂಗಡಿಸಿದನು. ಮೈಕಟ್ಟಿನಿಂದ ಮನುಷ್ಯನ ಸ್ವಭಾವವನ್ನು ಹೇಳಬಹುದೆಂಬ ಅವನ ವಾದವನ್ನು ವಿಜ್ಞಾನಿಗಳು ತಿರಸ್ಕರಿಸಿದ್ದಾರೆ. ದಪ್ಪಗಿರುವ ಹುಡುಗ ಸೋಮಾರಿ, ತೆಳ್ಳಗಿರುವ ಹುಡುಗಿ ಪುಕ್ಕಲು ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ.

ಆರೋಗ್ಯದ ದೃಷ್ಟಿಯಿಂದ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಅಳತೆ ದೇಹ ತೂಕ ಸೂಚ್ಯಂಕ. ಬೆಲ್ಜಿಯಂ ದೇಶದ ಗಣಿತಜ್ಞ ಅಡಾಲ್ಫ್ ಕ್ವೆಟೆಲೆಟ್ 19ನೆಯ ಶತಮಾನದಲ್ಲಿ ಇದನ್ನು ಸೂಚಿಸಿದನು. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸೂಚ್ಯಂಕ ದೊರೆಯುತ್ತದೆ. ವಯಸ್ಕರಿಗೆ ಒಂದೇ ಮಿತಿಯನ್ನು ಅನ್ವಯಿಸಬಹುದು. ಬೆಳೆಯುವ ಮಕ್ಕಳಿಗೆ ಹಾಗೆ ಮಾಡಲಾಗದು. ಅವರ ಸೂಚ್ಯಂಕವನ್ನು ವಯಸ್ಸು ಮತ್ತು ಲಿಂಗಕ್ಕೆ ಅನುಗುಣವಾದ ಕೋಷ್ಟಕದೊಡನೆ ಹೋಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2007ರ ಕೋಷ್ಟಕದ ಪ್ರಕಾರ 15 ವರ್ಷ ತುಂಬಿದ ಹುಡುಗನಿಗೆ ಮಧ್ಯಮ ಬೆಲೆ 19.8, 16.0ಕ್ಕಿಂತ ಕಡಿಮೆಯಿದ್ದರೆ ಕೃಶತೆ, 22.7 ಮೀರಿದರೆ ಅಧಿಕ ತೂಕ, 27.0 ಮೀರಿದರೆ ಸ್ಥೂಲಕಾಯ. ಅದೇ ವಯಸ್ಸಿನ ಹುಡುಗಿಗೆ ಇವು ಕ್ರಮವಾಗಿ 20.2, 15.9, 23.5 ಮತ್ತು 28.2. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯು 2015ರಲ್ಲಿ ಭಾರತದ ಮಕ್ಕಳಿಗಾಗಿ ಪ್ರತ್ಯೇಕ ಕೋಷ್ಟಕಗಳನ್ನು ಪ್ರಕಟಿಸಿದೆ. ಅವುಗಳಲ್ಲಿ ಅಧಿಕ ತೂಕದ ಮಿತಿ ಇನ್ನೂ ಬಿಗಿಯಾಗಿದೆ.

ಈ ಬಿಗಿಗೆ ಕಾರಣವಿದೆ. ಸೂಚ್ಯಂಕವು ತೂಕವನ್ನು ಹೇಳುತ್ತದೆಯೇ ಹೊರತು ಆ ತೂಕದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದನ್ನು ಹೇಳುವುದಿಲ್ಲ. ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಅವರು 2004ರಲ್ಲಿ ತಮ್ಮದೇ ದೇಹಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಜಗತ್ತಿಗೆ ತೋರಿಸಿದರು. ಇಬ್ಬರ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇಕಡಾ 9.1 ಇದ್ದರೆ, ಯಾಜ್ಞಿಕ್ ಅವರ ದೇಹದಲ್ಲಿ ಶೇಕಡಾ 21.2 ಇತ್ತು. ಭಾರತೀಯರಲ್ಲಿ ಕೈಕಾಲು ತೆಳ್ಳಗಿದ್ದು ಹೊಟ್ಟೆಯ ಭಾಗದಲ್ಲಿ ಕೊಬ್ಬು ಸೇರುವ ಪ್ರವೃತ್ತಿ ಹೆಚ್ಚು. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಇದು ದಾರಿ ಮಾಡಿಕೊಡುತ್ತದೆ. ಆದುದರಿಂದ ಸೂಚ್ಯಂಕದ ಜೊತೆಗೆ ಸೊಂಟದ ಸುತ್ತಳತೆಯನ್ನೂ ನೋಡುವುದು ಒಳಿತು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕೆಂಬುದು ನೆನಪಿಡಲು ಸುಲಭವಾದ ನಿಯಮ.

ಒಂದೇ ತರಗತಿಯ ಮೂವರು

ಈ ಅಳತೆಗಳನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಗುರುಗ್ರಾಮದ ಯಾವುದೋ ಶಾಲೆಯ ಹತ್ತನೆಯ ತರಗತಿಯಲ್ಲಿ ಮೂವರು ಹುಡುಗರಿದ್ದಾರೆಂದು ಭಾವಿಸೋಣ. ಮೂವರಿಗೂ 15 ವರ್ಷ. ಮೂವರ ಎತ್ತರವೂ 160 ಸೆಂಟಿಮೀಟರು, ಅಂದರೆ 1.60 ಮೀಟರು. ಇದರ ವರ್ಗ 2.56. ಮೂವರೂ ವಿರಾಮದ ವೇಳೆಯಲ್ಲಿ ಒಂದೇ ಬಗೆಯ ಪೊಟ್ಟಣವನ್ನೂ ಸಿಹಿ ಪಾನೀಯವನ್ನೂ ಕೊಳ್ಳುತ್ತಾರೆ.

ಮೊದಲನೆಯವನ ತೂಕ 64 ಕಿಲೋಗ್ರಾಂ. 64ನ್ನು 2.56ರಿಂದ ಭಾಗಿಸಿದರೆ 25. ಇವನದು ಅಧಿಕ ತೂಕ. ಮನೆಯ ಊಟವನ್ನೂ ತಿಂದು ಅದರ ಮೇಲೆ ಪೊಟ್ಟಣದ ತಿಂಡಿಯನ್ನೂ ತಿನ್ನುವುದರಿಂದ ಹೆಚ್ಚುವರಿ ಶಕ್ತಿಯು ಕೊಬ್ಬಾಗಿ ಸಂಗ್ರಹವಾಗುತ್ತಿದೆ. ಎಲ್ಲರ ಕಣ್ಣಿಗೂ ಬೀಳುವವನು ಇವನೇ. ಅಡ್ಡಹೆಸರಿನಿಂದ ಕರೆಯಲ್ಪಡುವವನೂ ಇವನೇ.

ಎರಡನೆಯವನ ತೂಕ 38 ಕಿಲೋಗ್ರಾಂ. ಸೂಚ್ಯಂಕ 14.8. ಇವನದು ಕೃಶ ದೇಹ. ಬೆಳಿಗ್ಗೆ ಉಪವಾಸ ಬಂದು ಹತ್ತು ರೂಪಾಯಿಯ ಚಿಪ್ಸಿನಿಂದ ಹಸಿವನ್ನು ಅಡಗಿಸಿಕೊಳ್ಳುವುದರಿಂದ ಊಟದ ವೇಳೆಗೆ ರೊಟ್ಟಿ, ಬೇಳೆ ಸೇರದು. ಹಸಿವು ಹೋಯಿತು, ಪೋಷಣೆ ದೊರೆಯಲಿಲ್ಲ. ಇಂತಹ ಮಗುವನ್ನು ಕುರಿತು 'ಇವನಿಗೇನು, ಏನು ತಿಂದರೂ ಮೈ ಹತ್ತದು' ಎಂದು ಹಿರಿಯರು ನಿಶ್ಚಿಂತರಾಗಿರುವುದುಂಟು.

ಮೂರನೆಯವನ ತೂಕ 51 ಕಿಲೋಗ್ರಾಂ. ಸೂಚ್ಯಂಕ 19.9. ಕೋಷ್ಟಕದ ಪ್ರಕಾರ ಇವನು ಆರೋಗ್ಯವಂತ. ಆದರೆ ಇವನ ಸೊಂಟದ ಸುತ್ತಳತೆ 84 ಸೆಂಟಿಮೀಟರು. ಎತ್ತರದ ಅರ್ಧವಾದ 80ನ್ನು ಮೀರಿದೆ. ಆಟವಿಲ್ಲದ್ದರಿಂದ ಸ್ನಾಯು ಬೆಳೆದಿಲ್ಲ. ಕೊಬ್ಬು ಹೊಟ್ಟೆಯ ಭಾಗದಲ್ಲಿ ಸೇರಿದೆ. ತೂಕದ ಯಂತ್ರ ಮಾತ್ರ ಇರುವ ಶಾಲೆಯಲ್ಲಿ ಇವನ ಅಪಾಯ ಯಾರ ಗಮನಕ್ಕೂ ಬರುವುದಿಲ್ಲ.

ಒಂದೇ ತಿಂಡಿ ಮೂರು ದೇಹಗಳಲ್ಲಿ ಮೂರು ಬಗೆಯಾಗಿ ಹಾನಿ ಮಾಡುತ್ತದೆ ಎಂಬುದು ಈ ಉದಾಹರಣೆಯ ತಾತ್ಪರ್ಯ. 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯು ದೇಶದ ಹದಿಹರೆಯದವರಲ್ಲಿ ಶೇಕಡಾ 24 ಮಂದಿ ಕೃಶರೆಂದೂ, ಶೇಕಡಾ 5 ಮಂದಿ ಅಧಿಕ ತೂಕ ಅಥವಾ ಸ್ಥೂಲಕಾಯದವರೆಂದೂ, ಶೇಕಡಾ 28 ಮಂದಿಗೆ ರಕ್ತಹೀನತೆಯಿದೆಯೆಂದೂ ತಿಳಿಸಿತು. ಇದಕ್ಕಿಂತ ಚಿಂತೆಗೆ ಎಡೆಮಾಡುವ ಸಂಗತಿಯೆಂದರೆ, ಸುಮಾರು ಶೇಕಡಾ 10 ಮಂದಿಯಲ್ಲಿ ಸಕ್ಕರೆ ಕಾಯಿಲೆಯ ಪೂರ್ವಸ್ಥಿತಿ ಕಂಡುಬಂದಿತು. ಅಧಿಕ ತೂಕದವರು ಐದು, ಕಾಯಿಲೆಯ ಹೊಸ್ತಿಲಲ್ಲಿರುವವರು ಹತ್ತು ಎಂದ ಮೇಲೆ, ದಪ್ಪಗೆ ಕಾಣದ ಮಕ್ಕಳಲ್ಲಿಯೂ ಅಪಾಯ ಅಡಗಿದೆಯೆಂಬುದು ಸ್ವಯಂವೇದ್ಯ.

ದೇಹದ ಮೇಲೆ ಪರಿಣಾಮವಾಗುವ ಬಗೆ

ಅತಿಸಂಸ್ಕರಿತ ಆಹಾರವು ಹೆಚ್ಚು ತಿನ್ನುವಂತೆ ಮಾಡುತ್ತದೆಯೇ ಎಂಬುದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಪ್ರಯೋಗದಿಂದ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. 20 ಮಂದಿ ವಯಸ್ಕರನ್ನು ನಾಲ್ಕು ವಾರ ಸಂಸ್ಥೆಯಲ್ಲಿಯೇ ಇರಿಸಿ, ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಸಂಸ್ಕರಿಸದ ಆಹಾರವನ್ನೂ ನೀಡಲಾಯಿತು. ಮುಂದಿಟ್ಟ ಊಟದಲ್ಲಿ ಶಕ್ತಿ, ಸಕ್ಕರೆ, ಕೊಬ್ಬು, ಉಪ್ಪು, ನಾರುಗಳು ಎರಡೂ ಅವಧಿಯಲ್ಲಿ ಸಮನಾಗಿದ್ದವು. ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವಿತ್ತು. ಅತಿಸಂಸ್ಕರಿತ ಆಹಾರದ ಅವಧಿಯಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೋ ಕ್ಯಾಲರಿ ಹೆಚ್ಚು ತಿಂದರು. ತೂಕ ಸರಾಸರಿ 0.9 ಕಿಲೋಗ್ರಾಂ ಏರಿತು. ಸಂಸ್ಕರಿಸದ ಆಹಾರದ ಅವಧಿಯಲ್ಲಿ ಅಷ್ಟೇ ತೂಕ ಇಳಿಯಿತು.

ಇದರ ಕಾರಣಗಳನ್ನು ಹೀಗೆ ಸಂಗ್ರಹಿಸಬಹುದು. ಇಂತಹ ಆಹಾರ ಮೆತ್ತಗಿದ್ದು ಅಗಿಯುವ ಶ್ರಮವಿಲ್ಲದೆ ಬೇಗ ಒಳಗಿಳಿಯುತ್ತದೆ. ಹೊಟ್ಟೆ ತುಂಬಿತೆಂಬ ಸೂಚನೆ ಮಿದುಳಿಗೆ ತಲುಪುವ ಮೊದಲೇ ಪೊಟ್ಟಣ ಬರಿದಾಗಿರುತ್ತದೆ. ಕಡಿಮೆ ತೂಕದ ಆಹಾರದಲ್ಲಿ ಹೆಚ್ಚು ಶಕ್ತಿ ಅಡಕವಾಗಿರುತ್ತದೆ. ಉಪ್ಪು, ಸಕ್ಕರೆ, ಕೊಬ್ಬುಗಳ ಹದವಾದ ಮಿಶ್ರಣ ಮತ್ತೆ ಮತ್ತೆ ತಿನ್ನುವ ಆಸೆಯನ್ನು ಹುಟ್ಟಿಸುತ್ತದೆ. ಪಾನೀಯದಲ್ಲಿ ಕರಗಿದ ಸಕ್ಕರೆಯಂತೂ ಹಸಿವನ್ನು ತಣಿಸದೆಯೇ ಶಕ್ತಿಯನ್ನು ಸೇರಿಸುತ್ತದೆ.

ಹೊಟ್ಟೆಗೆ ಸೇರಿದ್ದರಷ್ಟೇ ಮುಖ್ಯ ಸೇರದೆ ಉಳಿದದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನಿಗದಿಪಡಿಸಿದಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ, ಹುಡುಗನಿಗೆ 22 ಮಿಲಿಗ್ರಾಂ ಕಬ್ಬಿಣಾಂಶ ಬೇಕು. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣವಿದ್ದರೆ, ಮೈದಾ ಹಿಟ್ಟಿನಲ್ಲಿ ಸುಮಾರು 2 ಮಿಲಿಗ್ರಾಂ ಮಾತ್ರ ಇರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಚಿಪ್ಸಿನಲ್ಲಿ ಅದು ನಗಣ್ಯ. 30 ಗ್ರಾಂ ಚಿಪ್ಸಿನಿಂದ ಸುಮಾರು 160 ಕಿಲೋ ಕ್ಯಾಲರಿಯೂ 2 ಗ್ರಾಂ ಪ್ರೋಟೀನೂ ದೊರೆತರೆ, 30 ಗ್ರಾಂ ಹುರಿಗಡಲೆಯಿಂದ ಸುಮಾರು 110 ಕಿಲೋ ಕ್ಯಾಲರಿಯೂ 6 ಗ್ರಾಂ ಪ್ರೋಟೀನೂ ದೊರೆಯುತ್ತವೆ. ಋತುಚಕ್ರ ಆರಂಭವಾದ ಹುಡುಗಿಯ ಬುತ್ತಿಯಲ್ಲಿ ರೊಟ್ಟಿಯ ಬದಲು ಬಿಸ್ಕತ್ತು ಇದ್ದರೆ ಅವಳ ದಣಿವಿನ ಕಾರಣವನ್ನು ಬೇರೆಡೆ ಹುಡುಕಬೇಕಾಗಿಲ್ಲ.

ಸಮೀಕ್ಷೆಗಳನ್ನು ಓದುವ ಬಗೆ

ಶಾಲಾ ಮಕ್ಕಳ ಆಹಾರ ಮತ್ತು ತೂಕವನ್ನು ಕುರಿತ ಸಮೀಕ್ಷೆಗಳು ಕೆಲವೊಮ್ಮೆ ಪರಸ್ಪರ ವಿರುದ್ಧವಾದ ಫಲಿತಾಂಶಗಳನ್ನು ಕೊಡುವುದುಂಟು. ಇದರಿಂದ ಸಾಮಾನ್ಯ ಓದುಗರು ಗೊಂದಲಕ್ಕೊಳಗಾಗಬಾರದು. ಬಹುಪಾಲು ಸಮೀಕ್ಷೆಗಳು ಒಂದು ದಿನದ ಚಿತ್ರವನ್ನು ಮಾತ್ರ ಕೊಡುತ್ತವೆ. ಈಗಾಗಲೇ ತೂಕ ಹೆಚ್ಚಿರುವ ವಿದ್ಯಾರ್ಥಿಯು ನಾಚಿಕೆಯಿಂದ ತಿಂದದ್ದನ್ನು ಕಡಿಮೆ ಹೇಳಬಹುದು, ಅಥವಾ ತೂಕ ಇಳಿಸಲೆಂದು ಆಗಲೇ ಪೊಟ್ಟಣದ ತಿಂಡಿಯನ್ನು ಬಿಟ್ಟಿರಬಹುದು. ಹೆಚ್ಚು ಆಡುವ ಹುಡುಗ ಹೆಚ್ಚು ತಿಂದರೂ ತೆಳ್ಳಗಿರಬಹುದು. ವಂಶಗುಣ, ನಿದ್ರೆ, ಆಟ, ಪರದೆಯ ಮುಂದೆ ಕಳೆಯುವ ಸಮಯ, ಮನೆಯ ಆದಾಯ, ಇವೆಲ್ಲವೂ ತೂಕದ ಮೇಲೆ ಪ್ರಭಾವ ಬೀರುತ್ತವೆ. ಆದುದರಿಂದ 'ತಿಂಡಿಗೂ ತೂಕಕ್ಕೂ ಸಂಬಂಧ ಕಂಡುಬರಲಿಲ್ಲ' ಎಂಬ ವಾಕ್ಯಕ್ಕೆ 'ತಿಂಡಿ ನಿರಪಾಯಕಾರಿ' ಎಂಬ ಅರ್ಥವಿಲ್ಲ. ಹಾಗೆಯೇ ತೂಕವೆಲ್ಲವೂ ತಿಂಡಿಯೊಂದರಿಂದಲೇ ಬಂದದ್ದೆಂದು ಹೇಳುವುದೂ ಸಾಧುವಲ್ಲ. ನಿದ್ರೆಗೆಟ್ಟು ಓದುವ, ಆಟದ ಅವಧಿಯನ್ನು ಗಣಿತದ ಪಾಠಕ್ಕೆ ಬಿಟ್ಟುಕೊಡುವ ಪರೀಕ್ಷಾ ವ್ಯವಸ್ಥೆಯೂ ಇದರಲ್ಲಿ ಪಾಲುದಾರ.

ಪೊಟ್ಟಣದ ಮೇಲಿನ ಬರಹ

ಪೊಟ್ಟಣದ ಹಿಂಬದಿಯ ಬರಹವನ್ನು ಓದಲು ಕಲಿತ ವಿದ್ಯಾರ್ಥಿಗೆ ಬೇರೆ ಉಪದೇಶದ ಅಗತ್ಯ ಕಡಿಮೆ. ಘಟಕಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಮೈದಾ, ಸಕ್ಕರೆ, ತಾಳೆ ಎಣ್ಣೆ ಎಂಬ ಮೂರು ಹೆಸರುಗಳು ಮೊದಲಿಗೆ ಬಂದರೆ ಮುಂಬದಿಯಲ್ಲಿ ಹಣ್ಣಿನ ಚಿತ್ರವಿದ್ದರೂ ಒಳಗಿರುವುದು ಮುಖ್ಯವಾಗಿ ಆ ಮೂರೇ. ಐ.ಎನ್.ಎಸ್. ಎಂದು ಬರೆದು ಮುಂದೆ ಕೊಡುವ ಸಂಖ್ಯೆಗಳು ಸೇರಿಸಿದ ರಾಸಾಯನಿಕಗಳನ್ನು ಸೂಚಿಸುತ್ತವೆ. 621 ಎಂಬುದು ರುಚಿವರ್ಧಕ, 330 ಎಂಬುದು ನಿಂಬೆಯ ಆಮ್ಲ. ಸಂಖ್ಯೆಯಿದ್ದ ಮಾತ್ರಕ್ಕೆ ಅದು ವಿಷವಲ್ಲ. ಆದರೆ ಇಂತಹ ಸಂಖ್ಯೆಗಳ ಸಾಲು ಉದ್ದವಾಗಿದ್ದಷ್ಟೂ ವಸ್ತು ಅಡಿಗೆಮನೆಯಿಂದ ದೂರವೆಂದು ತಿಳಿಯಬೇಕು.

ಸೋಡಿಯಂ ಪ್ರಮಾಣವನ್ನು 2.5ರಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ದೊರೆಯುತ್ತದೆ. ಉದಾಹರಣೆಗೆ, 100 ಗ್ರಾಂನಲ್ಲಿ 1,200 ಮಿಲಿಗ್ರಾಂ ಸೋಡಿಯಂ ಇರುವ ವಸ್ತುವಿನ 70 ಗ್ರಾಂ ಪೊಟ್ಟಣದಲ್ಲಿ 840 ಮಿಲಿಗ್ರಾಂ ಸೋಡಿಯಂ, ಅಂದರೆ 2.1 ಗ್ರಾಂ ಉಪ್ಪು ಇರುತ್ತದೆ. ದಿನವೊಂದಕ್ಕೆ ವಯಸ್ಕರಿಗೇ ಹೇಳಿರುವ ಮಿತಿ 5 ಗ್ರಾಂ. ಸಕ್ಕರೆಯ ಲೆಕ್ಕವೂ ಹೀಗೆಯೇ. 100 ಮಿಲಿಲೀಟರಿಗೆ 10 ಗ್ರಾಂ ಸಕ್ಕರೆಯಿರುವ ಪಾನೀಯದ 300 ಮಿಲಿಲೀಟರಿನ ಬಾಟಲಿಯಲ್ಲಿ 30 ಗ್ರಾಂ, ಅಂದರೆ ಆರು ಚಹಾ ಚಮಚದಷ್ಟು ಸಕ್ಕರೆ ಇರುತ್ತದೆ. ದಿನಕ್ಕೆ 2,400 ಕಿಲೋ ಕ್ಯಾಲರಿ ಬೇಕಾದ ಹುಡುಗಿಗೆ ಶೇಕಡಾ 5ರ ಮಿತಿಯ ಪ್ರಕಾರ ಇಡೀ ದಿನದ ಸಕ್ಕರೆ ಇಷ್ಟೇ.

ಸರ್ಕಾರದ ಕ್ರಮಗಳು

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ನಿಯಮಾವಳಿಯ ಮೇರೆಗೆ, ಅಧಿಕ ಕೊಬ್ಬು, ಸಕ್ಕರೆ, ಉಪ್ಪಿನ ಆಹಾರವನ್ನು ಶಾಲಾ ಆವರಣದಲ್ಲಿಯೂ ಶಾಲೆಯ ದ್ವಾರದಿಂದ 50 ಮೀಟರ್ ವ್ಯಾಪ್ತಿಯಲ್ಲಿಯೂ ಶಾಲಾ ಮಕ್ಕಳಿಗೆ ಮಾರುವಂತಿಲ್ಲ. ಅವುಗಳ ಜಾಹೀರಾತನ್ನೂ ಹಾಕುವಂತಿಲ್ಲ. ಕೊಬ್ಬು ಎಣ್ಣೆಗಳಲ್ಲಿ ಟ್ರಾನ್ಸ್ ಕೊಬ್ಬಿನ ಪ್ರಮಾಣವನ್ನು 2022ರ ಜನವರಿಯಿಂದ ಶೇಕಡಾ 2ಕ್ಕೆ ಮಿತಿಗೊಳಿಸಲಾಗಿದೆ. 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು ಭಾರತೀಯರಿಗಾಗಿ 17 ಆಹಾರ ಮಾರ್ಗಸೂಚಿಗಳನ್ನು ಹೊರತಂದಿತು. ಅತಿಸಂಸ್ಕರಿತ ಆಹಾರವನ್ನು ಕನಿಷ್ಠಗೊಳಿಸಬೇಕೆಂಬುದು ಅವುಗಳಲ್ಲಿ ಸೇರಿದೆ. ದೇಶದ ಒಟ್ಟು ರೋಗಭಾರದಲ್ಲಿ ಶೇಕಡಾ 56.4ರಷ್ಟು ಅನಾರೋಗ್ಯಕರ ಆಹಾರದಿಂದ ಉಂಟಾಗುತ್ತಿದೆಯೆಂದು ಅದು ಅಂದಾಜು ಮಾಡಿದೆ.

ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಲ್ಲಿ 'ಸಕ್ಕರೆ ಫಲಕ'ಗಳನ್ನು ಹಾಕುವಂತೆ ಸೂಚಿಸಿತು. 11ರಿಂದ 18 ವರ್ಷದ ಮಕ್ಕಳ ಆಹಾರಶಕ್ತಿಯಲ್ಲಿ ಶೇಕಡಾ 15ರಷ್ಟು ಸಕ್ಕರೆಯಿಂದಲೇ ಬರುತ್ತಿದೆಯೆಂದೂ, ಇದು ಶೇಕಡಾ 5ರ ಮಿತಿಯ ಮೂರು ಪಟ್ಟೆಂದೂ ಆ ಸುತ್ತೋಲೆ ಎಚ್ಚರಿಸಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಶಾಲೆಗಳ ಮಕ್ಕಳಿಗೆ 18 ವರ್ಷದವರೆಗೆ ತಪಾಸಣೆಯಿದೆ. ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ನೀಡುವ ಯೋಜನೆಯೂ ಜಾರಿಯಲ್ಲಿದೆ.

1995ರ ಆಗಸ್ಟ್ 15ರಂದು ಆರಂಭವಾಗಿ ಈಗ ಪಿ.ಎಂ. ಪೋಷಣ್ ಎಂದು ಕರೆಯಲ್ಪಡುವ ಶಾಲಾ ಬಿಸಿಯೂಟ ಯೋಜನೆಯು ಎಂಟನೆಯ ತರಗತಿಯವರೆಗೆ ಅನ್ವಯಿಸುತ್ತದೆ. ಬೆಳವಣಿಗೆ ತೀವ್ರವಾಗಿರುವ ಒಂಬತ್ತನೆಯ ತರಗತಿಗೆ ಕಾಲಿಟ್ಟೊಡನೆ ಸರ್ಕಾರಿ ಶಾಲೆಯ ಮಗುವಿನ ಮಧ್ಯಾಹ್ನದ ತಟ್ಟೆ ಬರಿದಾಗಿ, ಗೂಡಂಗಡಿ ಅದರ ಸ್ಥಾನಕ್ಕೆ ಬರುವ ಸಂಭವವಿದೆ. ಕರ್ನಾಟಕವು ಅಕ್ಷರ ದಾಸೋಹ ಕಾರ್ಯಕ್ರಮವನ್ನು ರಾಜ್ಯದ ವೆಚ್ಚದಲ್ಲಿ ಹತ್ತನೆಯ ತರಗತಿಯವರೆಗೆ ವಿಸ್ತರಿಸಿರುವುದೂ, 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಮೂಲಕ ಹಾಲು ನೀಡುತ್ತಿರುವುದೂ ಈ ದೃಷ್ಟಿಯಿಂದ ಅನುಕರಣೀಯ.

ಮನೆ ಮತ್ತು ಶಾಲೆಗಳ ಕರ್ತವ್ಯ

ನಿಯಮಗಳು ಶಾಲೆಯ ದ್ವಾರದಿಂದ 50 ಮೀಟರ್ ದೂರ ಕಾಯಬಲ್ಲವು. ಐವತ್ತೊಂದನೆಯ ಮೀಟರಿನಿಂದ ಮಗುವಿನ ವಿವೇಕವೇ ಕಾಯಬೇಕು. ಆ ವಿವೇಕವನ್ನು ಬೆಳೆಸುವ ಹೊಣೆ ಮನೆ ಮತ್ತು ಶಾಲೆಗಳದು.

ಬೆಳಗಿನ ಉಪಾಹಾರವನ್ನು ತಪ್ಪಿಸಬಾರದು. ಹಸಿದು ಬಂದ ಮಗುವೇ ವಿರಾಮದಲ್ಲಿ ಪೊಟ್ಟಣಕ್ಕೆ ಕೈಚಾಚುತ್ತದೆ. ಬುತ್ತಿಯು ಸರಳವಾಗಿರಲಿ: ಚಪಾತಿ ಪಲ್ಯ, ಇಡ್ಲಿ, ಉಪ್ಪಿಟ್ಟು, ಅವಲಕ್ಕಿ, ಕಾಳಿನ ಉಸಲಿ, ಮೊಸರನ್ನ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಶೇಂಗಾ ಚಿಕ್ಕಿ, ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣವಾಗಲಿ ಬಹಳ ಸಮಯವಾಗಲಿ ಬೇಡ. ಸಿಹಿ ಪಾನೀಯದ ಬದಲು ನೀರು, ಮಜ್ಜಿಗೆ, ಎಳನೀರು ದೊರೆಯುವಂತಿರಲಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಾಗ ಪೊಟ್ಟಣದ ತಿಂಡಿಯನ್ನು ಬಹುಮಾನವಾಗಿ ಕೊಡುವ ಪದ್ಧತಿಯನ್ನು ಬಿಡಬೇಕು. ಸಂಪೂರ್ಣ ನಿಷೇಧ ಹೇರಿದರೆ ಮಕ್ಕಳು ಕದ್ದು ತಿನ್ನುವುದುಂಟು. ನಿತ್ಯದ ಆಹಾರವಾಗದೆ ಅಪರೂಪದ ತಿಂಡಿಯಾಗಿ ಉಳಿದರೆ ಸಾಕು.

ದಿನಕ್ಕೆ ಕನಿಷ್ಠ 60 ನಿಮಿಷ ದೇಹಶ್ರಮದ ಆಟ ಅವಶ್ಯಕವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗುರುಗ್ರಾಮದಲ್ಲಿಯೇ 2013ರ ನವೆಂಬರಿನಲ್ಲಿ 'ರಾಹ್‌ಗಿರಿ' ಎಂಬ ಕಾರ್ಯಕ್ರಮ ಆರಂಭವಾಯಿತು. ಭಾನುವಾರ ಬೆಳಿಗ್ಗೆ ಕೆಲವು ರಸ್ತೆಗಳಲ್ಲಿ ವಾಹನ ನಿಲ್ಲಿಸಿ, ಓಟ, ಸೈಕಲ್, ಆಟ, ಕುಣಿತಗಳಿಗೆ ಅವನ್ನು ಬಿಟ್ಟುಕೊಡುವ ಈ ಪ್ರಯೋಗವನ್ನು ಬಳಿಕ ಬೇರೆ ಊರುಗಳೂ ಅನುಸರಿಸಿದವು. ಜಾಗವಿಲ್ಲದ ನಗರದಲ್ಲಿಯೂ ಮನಸ್ಸಿದ್ದರೆ ಮಕ್ಕಳಿಗೆ ಆಟದ ಸ್ಥಳ ಒದಗಿಸಬಹುದೆಂಬುದಕ್ಕೆ ಇದು ಸಾಕ್ಷಿ.

ಕಡೆಯದಾಗಿ, ಅತ್ಯಂತ ಮುಖ್ಯವಾದ ಒಂದು ಎಚ್ಚರಿಕೆ. ಮಕ್ಕಳ ತೂಕವನ್ನು ಎಲ್ಲರ ಮುಂದೆ ಅಳೆದು ಗಟ್ಟಿಯಾಗಿ ಕೂಗಬಾರದು. ಪಟ್ಟಿಯನ್ನು ಗೋಡೆಗೆ ಅಂಟಿಸಬಾರದು. ಅಪಹಾಸ್ಯಕ್ಕೊಳಗಾದ ಮಗು ಆಟದ ಮೈದಾನದಿಂದ ದೂರವಾಗುತ್ತದೆ, ಒಂಟಿಯಾಗಿ ಕುಳಿತು ಮತ್ತಷ್ಟು ತಿನ್ನುತ್ತದೆ ಅಥವಾ ಊಟವನ್ನೇ ಬಿಟ್ಟು ಕಾಯಿಲೆ ಬೀಳುತ್ತದೆ. ಅಳತೆಯನ್ನು ಮರೆಯಲ್ಲಿ ಮಾಡಿ, ಫಲಿತಾಂಶವನ್ನು ಪೋಷಕರಿಗೆ ಮಾತ್ರ ತಿಳಿಸಿ, ಅಗತ್ಯವಿದ್ದರೆ ವೈದ್ಯರಲ್ಲಿಗೆ ಕಳುಹಿಸಬೇಕು. ಬೆಳೆಯುವ ಮಕ್ಕಳು ತಾವಾಗಿಯೇ ಉಪವಾಸ ಮಾಡುವುದಾಗಲಿ, ತೂಕ ಇಳಿಸುವ ಅಥವಾ ಮೈ ಬೆಳೆಸುವ ಪುಡಿಗಳನ್ನು ಸೇವಿಸುವುದಾಗಲಿ ಅಪಾಯಕರ.

ಉಪಸಂಹಾರ

ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನ ತಿಳಿಸಿದೆ. ಈ ಸಂಖ್ಯೆಗೆ ಮುಂದೆ ಸೇರುವವರು ಇಂದು ಯಾವುದೋ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾರೆ. ಅವರಲ್ಲಿ ಕೆಲವರು ದಪ್ಪಗಿದ್ದಾರೆ, ಕೆಲವರು ತೆಳ್ಳಗಿದ್ದಾರೆ, ಕೆಲವರು ನೋಡಲು ಸರಿಯಾಗಿಯೇ ಇದ್ದಾರೆ. ಅವರೆಲ್ಲರ ತಟ್ಟೆಗೂ ಧಾನ್ಯ, ಬೇಳೆ, ಸೊಪ್ಪು, ಹಣ್ಣುಗಳು ಮರಳಿ ಬರುವಂತೆ ಮಾಡುವುದು ಔಷಧಿಗಿಂತ ಅಗ್ಗವಾದ, ಔಷಧಿಗಿಂತ ಮೊದಲೇ ಮಾಡಬೇಕಾದ ಕೆಲಸ.

ನೆನಪಿಡಬೇಕಾದ ಅಂಶಗಳು

1. ಸಂಸ್ಕರಣೆಯೆಲ್ಲವೂ ಹಾನಿಕರವಲ್ಲ, ಕಾರ್ಖಾನೆಯಲ್ಲಿ ಒಡೆದು ಕೂಡಿಸಿದ ಅತಿಸಂಸ್ಕರಿತ ಆಹಾರವನ್ನು ಕನಿಷ್ಠಗೊಳಿಸಬೇಕು.
2. ಸ್ಥೂಲ, ಕೃಶ, ಸಾಧಾರಣ ಎಂಬ ಮೂರು ಬಗೆಯ ಮೈಕಟ್ಟಿನವರಿಗೂ ಇದರಿಂದ ಹಾನಿಯುಂಟು.
3. ಮಕ್ಕಳ ದೇಹ ತೂಕ ಸೂಚ್ಯಂಕವನ್ನು ವಯಸ್ಸು, ಲಿಂಗಗಳ ಕೋಷ್ಟಕದೊಡನೆ ಹೋಲಿಸಬೇಕು. ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮೀರಬಾರದು.
4. ಸೋಡಿಯಂ ಪ್ರಮಾಣವನ್ನು 2.5ರಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ತಿಳಿಯುತ್ತದೆ.
5. ಮೈಕಟ್ಟನ್ನು ಕುರಿತು ಅಪಹಾಸ್ಯ ಸಲ್ಲದು.

ಅಭ್ಯಾಸ

1. ಹಿಂದಿನ ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ತಿಂದ ಎಲ್ಲ ಪದಾರ್ಥಗಳನ್ನು ಬರೆದು, ಅವನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿರಿ.
2. ಎತ್ತರ 1.50 ಮೀಟರು, ತೂಕ 45 ಕಿಲೋಗ್ರಾಂ ಇರುವ 15 ವರ್ಷದ ಹುಡುಗಿಯ ದೇಹ ತೂಕ ಸೂಚ್ಯಂಕವೆಷ್ಟು? ಅದು ಯಾವ ವರ್ಗಕ್ಕೆ ಸೇರುತ್ತದೆ?
3. ಯಾವುದಾದರೂ ಮೂರು ಪೊಟ್ಟಣಗಳ ಹಿಂಬದಿಯ ಬರಹವನ್ನು ಓದಿ, ಒಂದೊಂದರಲ್ಲಿಯೂ ಎಷ್ಟು ಚಮಚ ಸಕ್ಕರೆ, ಎಷ್ಟು ಗ್ರಾಂ ಉಪ್ಪು ಇದೆಯೆಂದು ಲೆಕ್ಕ ಹಾಕಿರಿ.
4. ಮನೆಯ ಹಿರಿಯರನ್ನು ಕೇಳಿ, ಅವರು ಶಾಲೆಗೆ ಹೋಗುತ್ತಿದ್ದಾಗ ಒಯ್ಯುತ್ತಿದ್ದ ಬುತ್ತಿಯ ವಿವರಗಳನ್ನು ಸಂಗ್ರಹಿಸಿರಿ.